ಕತ್ತರಿಗೆ ಧೈರ್ಯ ಕೊಟ್ಟ ಕಾಗದ

ಮನೆಯ ಮದುವೆಗೆ ತಾವೇ ಉಡುಪು ಹೊಲಿದುಕೊಂಡರು ಅಂದ ಕೂಡಲೇ ಎಲ್ಲರೂ ಹೊಗಳುವುದು ಹೊಲಿಗೆ ಮಿಷಿನ್ನನ್ನು. ಐಸಾಕ್ ಸಿಂಗರ್ 1851ರಲ್ಲಿ ಪೇಟೆಂಟ್ ಪಡೆದರು, ಕಂತಿನ ಮೇಲೆ ಮಿಷಿನ್ನು ಮನೆಮನೆಗೆ ಬಂತು, ಹೆಂಗಸರು ಹೊಲಿಯತೊಡಗಿದರು ಎಂಬುದು ರೂಢಿಯ ಕಥೆ. ನಾನು ಇದನ್ನು ಒಪ್ಪುವುದಿಲ್ಲ. ಸೂಜಿ ದಾರ ಹೆಂಗಸರಿಗೆ ಮೊದಲಿಂದಲೂ ಗೊತ್ತಿತ್ತು. ಕೈಗೆಟುಕದೆ ಉಳಿದದ್ದು ಕಟಿಂಗು. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬಹುದು. ಮದುವೆಗೆಂದು ತಂದ ರೇಷ್ಮೆಯ ಮೇಲೆ ಕತ್ತರಿ ತಪ್ಪಿತೋ, ಅಲ್ಲಿಗೆ ಮುಗಿಯಿತು. ಆ ಹೆದರಿಕೆಯನ್ನು ಕಳೆದದ್ದು ಒಂದು ತೆಳು ಕಾಗದ.

1860ರ ಸುಮಾರಿಗೆ ನ್ಯೂಯಾರ್ಕ್‌ನಲ್ಲಿ ಎಲೆನ್ ಡೆಮೊರೆಸ್ಟ್ ಬಟ್ಟೆಯ ಮೇಲಿಟ್ಟು ಕತ್ತರಿಸುವ ಕಾಗದದ ಮಾದರಿಗಳನ್ನು ಮಾರತೊಡಗಿದರು. 1863ರಲ್ಲಿ ಮ್ಯಾಸಚೂಸೆಟ್ಸಿನ ದರ್ಜಿ ಎಬೆನೆಜರ್ ಬಟರಿಕ್ ಒಂದೇ ಉಡುಪಿಗೆ ಹಲವು ಅಳತೆಯ ಮಾದರಿ ತಂದರು. ಆಮೇಲಿನದೆಲ್ಲ ಕಂಪನಿಗಳ ಏಳುಬೀಳು. ಅದನ್ನು ದಾಟಿ ಜರ್ಮನಿಗೆ ಬನ್ನಿ. ಆಫೆನ್‌ಬುರ್ಗ್ ಊರಿನ ರೈಲ್ವೆ ನೌಕರರೊಬ್ಬರ ಮಗಳು ಎನ್ನೆ ಬುರ್ಡಾ. ಗಂಡ ದೊಡ್ಡ ಪ್ರಕಾಶಕ. ಆತ ತನ್ನ ಪ್ರೇಯಸಿಗೆ ಒಂದು ಫ್ಯಾಷನ್ ಪತ್ರಿಕೆ ಮಾಡಿಕೊಟ್ಟಿದ್ದಾನೆಂದು 1949ರಲ್ಲಿ ಈಕೆಗೆ ತಿಳಿಯಿತು. ಸಾಲದಲ್ಲಿ ಮುಳುಗಿದ್ದ ಆ ಉದ್ಯಮವನ್ನೇ ತನಗೆ ಬಿಟ್ಟುಕೊಡಬೇಕೆಂದು ಹಟ ಹಿಡಿದು ಪಡೆದರು. ಆಗ ಅವರಿಗೆ ನಲವತ್ತು! 1950ರಲ್ಲಿ ‘ಬುರ್ಡಾ ಮೋಡೆನ್’ ಹೊರಬಂತು. 1952ರಿಂದ ಪತ್ರಿಕೆಯೊಳಗೇ ಮಾದರಿ ಹಾಳೆ ಮಡಚಿ ಇಟ್ಟರು. ಆ ಹಾಳೆ ಬಿಡಿಸಿದರೆ ಮೊದಲಿಗೆ ಕಣ್ಣು ಕತ್ತಲಿಡುತ್ತದೆ. ಎರಡೂ ಬದಿಯಲ್ಲಿ ಹತ್ತಾರು ಉಡುಪುಗಳ ಗೆರೆಗಳು ಒಂದರ ಮೇಲೊಂದು ಹಾದುಹೋಗಿರುತ್ತವೆ. ತನ್ನ ಅಳತೆಯ ಗೆರೆ ಹುಡುಕಿ, ಬೇರೆ ಕಾಗದಕ್ಕೆ ಇಳಿಸಿಕೊಂಡು, ಮಾರ್ಜಿನ್ ತಾನೇ ಸೇರಿಸಿ ಕತ್ತರಿಸಬೇಕು. ತಾಳ್ಮೆಯ ಕೆಲಸ ನಿಜ, ಆದರೆ ದರ್ಜಿಯ ಕೈಯೊಳಗಿದ್ದ ಗುಟ್ಟು ಪತ್ರಿಕೆಯ ಬೆಲೆಗೆ ಬಯಲಾಗಿತ್ತು.

ಯುದ್ಧದಲ್ಲಿ ಸೋತು ಸೊರಗಿದ ದೇಶ, ಕೊಳ್ಳಲು ದುಡ್ಡಿಲ್ಲದೆ ಹೊಲಿದುಕೊಂಡರು, ಅಷ್ಟೇ ತಾನೆ ಎನ್ನಬಹುದು. ಆರಂಭಕ್ಕೆ ಆ ಮಾತು ಒಪ್ಪುತ್ತದೆ. ಆದರೆ 1960ರ ದಶಕದಲ್ಲಿ ಪಶ್ಚಿಮ ಜರ್ಮನಿಯ ಅಂಗಡಿಗಳು ಸಿದ್ಧ ಉಡುಪಿನಿಂದ ತುಂಬಿದ್ದಾಗಲೇ ಪತ್ರಿಕೆಯ ಪ್ರಸಾರ ಹತ್ತು ಲಕ್ಷ ದಾಟಿತು. ಅಭಾವ ನೀಗಿದ ಮೇಲೂ ಹೆಂಗಸರು ಕತ್ತರಿ ಕೆಳಗಿಡಲಿಲ್ಲವೆಂದರೆ, ಮೈಗೊಪ್ಪುವ, ಇನ್ನೊಬ್ಬರ ಮೈಮೇಲೆ ಕಾಣಸಿಗದ ಉಡುಪಿನ ಆಸೆ ದುಡ್ಡಿನ ಲೆಕ್ಕಕ್ಕಿಂತ ದೊಡ್ಡದಿತ್ತು ಎಂದೇ ಅರ್ಥ. 1987ರಲ್ಲಿ ಅದೇ ಪತ್ರಿಕೆ ರಷ್ಯನ್ ಭಾಷೆಯಲ್ಲಿ ಸೋವಿಯತ್ ನಾಡನ್ನೂ ಹೊಕ್ಕಿತು.

ನಮ್ಮಲ್ಲಿ ಇಂಥ ಹಾಳೆ ಯಾರ ಮನೆಯಲ್ಲಿತ್ತು, ರವಿಕೆ ಹೊಲಿದುಕೊಳ್ಳಲಿಲ್ಲವೇ ಎಂಬ ಆಕ್ಷೇಪಕ್ಕೆ ತೂಕವಿದೆ. ನಮ್ಮವರಿಗೆ ಅಳತೆ ರವಿಕೆಯೇ ಮಾದರಿ. ಅದನ್ನು ಬ್ಲೌಸ್ ಪೀಸಿನ ಮೇಲೆ ಹರಡಿ ಗುರುತು ಹಾಕಿಕೊಂಡರೆ ಆಯಿತು. ಆದರೆ ಹಳೆಯ ರವಿಕೆ ಹಳೆಯ ಕತ್ತಿನ ಆಕಾರವನ್ನಷ್ಟೇ ಹೇಳೀತು. ಮದುವೆಗೆ ಹೊಸ ನಮೂನೆಯ ಕತ್ತು, ತೋಳು ಬೇಕೆಂದರೆ ಅದರಿಂದ ದಾರಿ ತೋರದು. ನಮ್ಮ ಹೊಲಿಗೆ ತರಗತಿಗಳಲ್ಲಿ ಬಟ್ಟೆ ಮುಟ್ಟುವ ಮೊದಲು ಹಳೆಯ ದಿನಪತ್ರಿಕೆಯ ಮೇಲೆ ಎದೆ, ಸೊಂಟ, ತೋಳಿನ ಲೆಕ್ಕ ಹಾಕಿ ಗೆರೆ ಎಳೆಸುವುದು, ಆ ಕಾಗದವನ್ನೇ ಮೊದಲು ಕತ್ತರಿಸಲು ಹೇಳುವುದು ಇದೇ ಕಾರಣಕ್ಕೆ.