ಬೇಲಿ ಯಾರ ಸುತ್ತ, ಬಾಗಿಲು ಯಾರಿಗೆ?



ತೆಂಗು ಬೆಳೆಗಾರರ ಈ ಸಮಾವೇಶದ ಅಧ್ಯಕ್ಷತೆಯನ್ನು ನನಗೆ ಒಪ್ಪಿಸಿದ್ದೀರಿ. ಇದು ನನ್ನೊಬ್ಬನಿಗೆ ಸಂದ ಗೌರವವಲ್ಲ, ಅಟ್ಟ ಹತ್ತಿ ಇಳಿದ ಕಾಲುಗಳಿಗೆಲ್ಲ ಸಂದ ಗೌರವ ಎಂದು ತಲೆಬಾಗಿ ಸ್ವೀಕರಿಸಿದ್ದೇನೆ.

ಇವತ್ತಿನ ಚರ್ಚೆಗೆ ನೀವು ಇಟ್ಟುಕೊಂಡಿರುವ ವಿಷಯ ದೊಡ್ಡದು. ಮುಕ್ತ ವ್ಯಾಪಾರ ಬೇಕೋ, ರಕ್ಷಣೆ ಬೇಕೋ? ಹೊರದೇಶದ ಸರಕಿಗೆ ಬಾಗಿಲು ತೆರೆಯಬೇಕೋ, ಸುಂಕದ ಬೇಲಿ ಹಾಕಬೇಕೋ? ಅರ್ಥಶಾಸ್ತ್ರಜ್ಞರು ಇದರ ಮೇಲೆ ಗ್ರಂಥಗಳನ್ನೇ ಬರೆದಿದ್ದಾರೆ. ನಾನು ನಮ್ಮ ಮನೆಯ ಅಟ್ಟದಿಂದ ಮಾತು ಶುರು ಮಾಡುತ್ತೇನೆ.

ನಮ್ಮ ಕೊಬ್ಬರಿ ಹೇಗಾಗುತ್ತದೆ ಎಂಬುದು ಇಲ್ಲಿ ಕೂತವರಿಗೆ ಗೊತ್ತು; ದಿಲ್ಲಿಯಲ್ಲಿ ಸುಂಕದ ಆದೇಶ ಬರೆಯುವವರಿಗೆ ಗೊತ್ತಿರಲಿ ಎಂದು ಹೇಳುತ್ತೇನೆ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸುತ್ತೇವೆ. ಹತ್ತು ಹನ್ನೆರಡು ತಿಂಗಳು ಅದು ಅಲ್ಲೇ ಇರಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟದಿಂದ ಬಿಟ್ಟುಕೊಳ್ಳುತ್ತದೆ. ನನ್ನ ಅಪ್ಪ ಒಂದೊಂದೇ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸುತ್ತಿದ್ದರು. ಗಡಗಡ ಎಂದು ಒಣ ಸದ್ದು ಬಂದರೆ ಪಕ್ಕಕ್ಕೆ, ನೀರಿನ ಸದ್ದು ಬಂದರೆ ಮತ್ತೆ ಅಟ್ಟಕ್ಕೆ. ಆತುರಪಟ್ಟು ಒಡೆದರೆ ಕೌಟು. ಆಮೇಲೆ ಸಿಪ್ಪೆ ಸುಲಿದು, ಹೆಂಗಸರು ಕರಟವನ್ನು ಹದವಾಗಿ ತಟ್ಟಿ, ಒಳಗಿನ ಗಿಟುಕನ್ನು ಗೀರು ಬೀಳದಂತೆ ತೆಗೆಯುತ್ತಾರೆ. ಆ ಉಂಡೆ ಕೊಬ್ಬರಿಯೇ ಚೀಲದಲ್ಲಿ ತಿಪಟೂರು ಮಾರುಕಟ್ಟೆಗೆ ಬಂದು, ಇಲ್ಲಿಂದ ಉತ್ತರ ಭಾರತದ ಮದುವೆಮನೆಗೆ, ಹಬ್ಬದ ತಟ್ಟೆಗೆ ಹೋಗುತ್ತದೆ.

ಈಗ ಸುಂಕದ ಕಥೆ ಕೇಳಿ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಕಚ್ಚಾ ತಾಳೆ ಎಣ್ಣೆಯ ಆಮದಿನ ಮೇಲೆ ಶೇ. 20 ಮೂಲ ಸುಂಕ ಹಾಕಿತು. ಸೆಸ್ಸು ಎಲ್ಲ ಸೇರಿ ಶೇ. 27.5 ಆಯಿತು. 2025ರ ಮೇ ಕೊನೆಗೆ ಮೂಲ ಸುಂಕವನ್ನು ಶೇ. 10ಕ್ಕೆ ಇಳಿಸಿತು, ಒಟ್ಟು ಶೇ. 16.5ಕ್ಕೆ ಬಂತು. ನಡುವೆ ಕಳೆದದ್ದು ಎಂಟೂವರೆ ತಿಂಗಳು. ಸುಂಕ ಹಾಕಿದ ದಿನ ಧೈರ್ಯ ಮಾಡಿ ಅಟ್ಟಕ್ಕೆ ಏರಿಸಿದ ಕಾಯಿ ಇನ್ನೂ ಕೊಬ್ಬರಿಯಾಗಿರಲಿಲ್ಲ, ಅಷ್ಟರಲ್ಲಿ ಆದೇಶ ಬದಲಾಗಿತ್ತು! ನಾವು ನೆಟ್ಟ ಸಸಿ ಫಲಕ್ಕೆ ಬರಲು ಆರೇಳು ವರ್ಷ ಬೇಕು. ಇಂಥ ಬೆಳೆಯ ಹಣೆಬರಹವನ್ನು ಒಂದು ರಾತ್ರಿಯ ಅಧಿಸೂಚನೆ ಬರೆಯುತ್ತದೆ ಎನ್ನುವುದೇ ನಮ್ಮ ಮೊದಲ ದೂರು.

ತಾಳೆ ಎಣ್ಣೆಗೂ ನಮ್ಮ ಉಂಡೆ ಕೊಬ್ಬರಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ನಮ್ಮದು ತಿನ್ನುವ ಕೊಬ್ಬರಿ, ಗಾಣಕ್ಕೆ ಹೋಗುವುದಲ್ಲ, ನಿಜ. ಆದರೆ ತಾಳೆ ಎಣ್ಣೆ ಅಗ್ಗವಾದಾಗ ಹೋಟೆಲು, ಬೇಕರಿ, ಸಾಬೂನು ಕಾರ್ಖಾನೆ ಎಲ್ಲ ಅದರ ಕಡೆ ವಾಲುತ್ತವೆ. ಕೊಬ್ಬರಿ ಎಣ್ಣೆಗೆ ಬೇಡಿಕೆ ಕುಗ್ಗುತ್ತದೆ. ಕೇರಳ, ತಮಿಳುನಾಡಿನಲ್ಲಿ ಗಾಣಕ್ಕೆ ಹೋಗಬೇಕಿದ್ದ ಕಾಯಿ ಬೇರೆ ದಾರಿ ಹುಡುಕಿ ತಿನ್ನುವ ಕೊಬ್ಬರಿಯ, ಕೊಬ್ಬರಿ ಪುಡಿಯ ಪೇಟೆಗೆ ನುಗ್ಗುತ್ತದೆ. ಕೊನೆಗೆ ಹೊಡೆತ ಬೀಳುವುದು ತಿಪಟೂರು ಮಾರುಕಟ್ಟೆಯ ಟೆಂಡರ್ ಬೆಲೆಗೆ.

2023 ಯಾರಿಗೆ ಮರೆತಿದೆ? ಆ ವರ್ಷ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಮಾರುಕಟ್ಟೆಯ ಬೆಲೆ 8,000ದ ಆಸುಪಾಸಿಗೆ ಕುಸಿದಿತ್ತು. ನಾನೂ ಮನೆಯ ಖರ್ಚಿಗೆಂದು ಅಟ್ಟದಿಂದ ಕೊಬ್ಬರಿ ಇಳಿಸಿದೆ. ಖರೀದಿ ಕೇಂದ್ರದಲ್ಲಿ ಸರದಿ ಸಿಗಲಿಲ್ಲ. ಸಿಕ್ಕಿದ ಬೆಲೆಗೆ ಕೊಟ್ಟು ಮನೆಗೆ ಬಂದೆ. ಆ ಸಂಜೆ ಖಾಲಿ ಚೀಲ ಮಡಚಿಡುತ್ತಾ ನನ್ನ ಹೆಂಡತಿ ಒಂದೇ ಮಾತು ಕೇಳಿದಳು: ‘ಬೆಂಬಲ ಬೆಲೆ ಅಂದ್ರೆ ಯಾರಿಗೆ ಬೆಂಬಲ?’ ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಧರಣಿ ಕೂತೆವು, ಪಾದಯಾತ್ರೆ ಹೋದೆವು. 2024ರಲ್ಲಿ ಕೇಂದ್ರ 12,000 ರೂಪಾಯಿ ಮಾಡಿತು, ರಾಜ್ಯ ಸರ್ಕಾರ 1,500 ಪ್ರೋತ್ಸಾಹಧನ ಸೇರಿಸಿತು. ಆದರೆ ಖರೀದಿಗೆ ಮಿತಿ ಇತ್ತು, ನೋಂದಣಿಗೆ ರಾತ್ರಿಯೆಲ್ಲ ಸಾಲು ನಿಲ್ಲಬೇಕಾಯಿತು. ಕೈ ಖಾಲಿಯಾಗಿದ್ದ ಸಣ್ಣ ರೈತ ಅಷ್ಟರಲ್ಲಿ ಮಾರಿ ಮುಗಿಸಿದ್ದ.

ಹಾಗಾದರೆ ನಾನು ರಕ್ಷಣೆಯ ಪರವೇ? ಅಲ್ಲಿಗೇ ನಿಲ್ಲಬೇಡಿ. ಬೇಲಿಯೂ ನಮ್ಮನ್ನು ಕಾಡಿದೆ.

2008ನ್ನು ನೆನಪು ಮಾಡಿಕೊಳ್ಳಿ. ಮಾರ್ಚಿನಲ್ಲಿ ಖಾದ್ಯ ತೈಲಗಳ ರಫ್ತಿಗೆ ನಿಷೇಧ ಬಂತು. ಏಪ್ರಿಲಿನಲ್ಲಿ ಕಚ್ಚಾ ಖಾದ್ಯ ತೈಲದ ಆಮದು ಸುಂಕ ಸೊನ್ನೆಯಾಯಿತು. ಹೊರಗೆ ಹೋಗುವ ಬಾಗಿಲು ಮುಚ್ಚಿದ್ದೂ, ಒಳಗೆ ಬರುವ ಬಾಗಿಲು ತೆರೆದದ್ದೂ ಹದಿನೈದಿಪ್ಪತ್ತು ದಿನಗಳ ಅಂತರದಲ್ಲಿ. ಒಂದಕ್ಕೆ ರಕ್ಷಣೆ ಎಂದು ಹೆಸರು, ಇನ್ನೊಂದಕ್ಕೆ ಮುಕ್ತ ವ್ಯಾಪಾರ ಎಂದು ಹೆಸರು. ಎರಡರಲ್ಲೂ ಸೋತವನು ಎಣ್ಣೆಬೀಜ ಬೆಳೆದವನು. ಸಾಸಿವೆ ಎಣ್ಣೆಯೊಂದನ್ನು ಬಿಟ್ಟು ಉಳಿದವೆಲ್ಲದರ ರಫ್ತು ಪೂರ್ತಿ ಸಡಿಲವಾಗಲು 2018 ಬರಬೇಕಾಯಿತು. ಆಗ್ನೇಯ ಏಷ್ಯಾದ ದೇಶಗಳೊಂದಿಗೆ 2009ರಲ್ಲಿ ಸಹಿಯಾದ ಒಪ್ಪಂದ 2010ರ ಜನವರಿಯಿಂದ ಜಾರಿಗೆ ಬಂತು, ತಾಳೆ ಎಣ್ಣೆಯ ಸುಂಕ ಹಂತಹಂತವಾಗಿ ಇಳಿಯುವುದೆಂದು ಬರೆದುಕೊಂಡೆವು. ಆ ಒಪ್ಪಂದದಲ್ಲಿದ್ದ ಇಂಡೋನೇಷ್ಯಾ 2022ರ ಏಪ್ರಿಲ್ ಕೊನೆಯಲ್ಲಿ ತನ್ನ ಜನರಿಗೆ ಎಣ್ಣೆ ತುಟ್ಟಿಯಾಯಿತೆಂದು ರಫ್ತನ್ನೇ ನಿಲ್ಲಿಸಿತು. ತನ್ನವರ ಕಷ್ಟಕ್ಕೆ ಅದು ಮಿಡಿಯಿತು, ತಪ್ಪು ಎನ್ನಲಾರೆ. ನಮ್ಮ ಸರ್ಕಾರವೂ ತೆಂಗು ಬೆಳೆದವರನ್ನು ತನ್ನವರೆಂದು ಎಣಿಸಲಿ ಎನ್ನುತ್ತೇನೆ.

ಬೇಲಿಯ ಇನ್ನೊಂದು ಕಥೆ ನೀರಾದ್ದು. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಪೀಡೆ ನಮ್ಮ ತೋಟಗಳಿಗೂ ಹಬ್ಬಿ ಕಾಯಿ ಸೊರಗಿದಾಗ, ಹೊಂಬಾಳೆಯ ರಸವಾದ ನೀರಾ ಇಳಿಸಲು ಬಿಡಿ ಎಂದು ರೈತರು ಕೇಳಿದರು. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಗೋಲಿಬಾರ್ ಆಗಿ ರೈತರ ಪ್ರಾಣ ಹೋಯಿತು. ತನ್ನ ಮರದ ರಸಕ್ಕಾಗಿ ರೈತ ಸಾಯಬೇಕಾಯಿತು. ಆಮೇಲೆ ಅನುಮತಿ ಬಂತು, ಅಬಕಾರಿ ಪರವಾನಗಿಯ ಬೇಲಿಯೊಳಗೆ. ನೀರಾ ಬಿಸಿಲಿಗೆ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಹುಳಿಯುತ್ತದೆ. ಮರದಿಂದ ಮಾರಾಟದವರೆಗೆ ತಂಪಾಗಿಡುವ ವ್ಯವಸ್ಥೆ ಬೇಕು. ಅದಿಲ್ಲದ ಬರೀ ಪರವಾನಗಿ ಕಾಗದವಾಗಿ ಉಳಿಯುತ್ತದೆ.

ನೀರಾದ ಹಾಗೆಯೇ ಮಾದಕವೆಂಬ ಹಣೆಪಟ್ಟಿ ಹೊತ್ತ ಬೆಳೆಗೆ ಬೇರೆಡೆ ಏನಾಗಿದೆ ನೋಡೋಣ. ಅಮೆರಿಕದ ಆರೆಗನ್ ರಾಜ್ಯದ ಜನ 2014ರಲ್ಲಿ ಮತ ಹಾಕಿ ಗಾಂಜಾವನ್ನು ಕಾನೂನುಬದ್ಧ ಮಾಡಿಕೊಂಡರು. ಮೊದಮೊದಲು ಬೆಳೆಯುವ ಪರವಾನಗಿಗಳ ಸಂಖ್ಯೆಗೆ ಮಿತಿಯೇ ಇರಲಿಲ್ಲ. ಆದರೆ ಅವರ ಕೇಂದ್ರ ಕಾನೂನು ಒಪ್ಪದ ಕಾರಣ ಮಾಲು ರಾಜ್ಯದ ಗಡಿ ದಾಟುವಂತಿರಲಿಲ್ಲ. 2019ರ ಹೊತ್ತಿಗೆ ಅಲ್ಲಿನ ಬಳಕೆಯ ಸುಮಾರು ಎರಡು ಪಟ್ಟು ಬೆಳೆ ಬಂದು, ಬೆಲೆ ನೆಲಕಚ್ಚಿ, ಸಣ್ಣ ಬೆಳೆಗಾರ ಮುಳುಗಿದ. ಕೇಂದ್ರ ಒಪ್ಪಿದ ದಿನ ಹೊರಗೆ ಮಾರುತ್ತೇವೆ ಎಂದು ಅದೇ ವರ್ಷ ಒಂದು ಕಾನೂನನ್ನೂ ಮಾಡಿಟ್ಟುಕೊಂಡರು. ನಾವು ಆ ಬೆಳೆ ಬೆಳೆಯುವವರಲ್ಲ, ಬೆಳೆಯುವ ಆಸೆಯೂ ನಮಗಿಲ್ಲ. ನಮಗಿರುವ ಪಾಠ ಇಷ್ಟೇ: ಬೆಳೆಯಲು ಬಿಟ್ಟು ಮಾರುವ ದಾರಿ ಕಟ್ಟಿದರೆ ಬೇಲಿ ಕಾಯುವುದಿಲ್ಲ, ಬೇಲಿಯೇ ಎದ್ದು ಹೊಲ ಮೇಯುತ್ತದೆ.

ಈಗ ನನ್ನ ತೀರ್ಮಾನ ಹೇಳುತ್ತೇನೆ. ಬೇಲಿ ಒಳ್ಳೆಯದೋ ಬಾಗಿಲು ಒಳ್ಳೆಯದೋ ಎಂಬ ಪ್ರಶ್ನೆ ನಮ್ಮದಲ್ಲ. ತೋಟಕ್ಕೆ ಎರಡೂ ಬೇಕು. ಅಗುಳಿ ಯಾರ ಕೈಯಲ್ಲಿದೆ ಎಂಬುದು ನಮ್ಮ ಪ್ರಶ್ನೆ. ಇಷ್ಟು ದಿನ ಬೇಲಿ ನಮ್ಮ ಸುತ್ತ ಇತ್ತು, ಬಾಗಿಲು ಬೇರೆಯವರಿಗಿತ್ತು.

ಆದ್ದರಿಂದ ಈ ಸಮಾವೇಶದ ಮುಂದೆ ನಾಲ್ಕು ಬೇಡಿಕೆ ಇಡುತ್ತೇನೆ.

ಮೊದಲನೆಯದು, ಸುಂಕಕ್ಕೆ ಸೂತ್ರ ಬೇಕು. ನಮ್ಮ ಮಾರುಕಟ್ಟೆಯ ಬೆಲೆ ಬೆಂಬಲ ಬೆಲೆಗಿಂತ ಕೆಳಗಿಳಿದರೆ ತಾಳೆ ಎಣ್ಣೆಯ ಸುಂಕ ತಾನಾಗಿ ಏರಲಿ. ಬೆಲೆ ವಿಪರೀತ ಏರಿದರೆ ಇಳಿಯಲಿ. 2025ರಲ್ಲಿ ಕ್ವಿಂಟಲಿಗೆ 25,000 ದಾಟಿದಾಗ ಪಟ್ಟಣದ ತಾಯಂದಿರು ಕೊಬ್ಬರಿ ಮುಟ್ಟಲು ಹೆದರಿದ್ದನ್ನು ನಾವು ಕಂಡಿದ್ದೇವೆ. ಅವರ ಒಲೆ ಆರಿಸಿ ನಮ್ಮ ಒಲೆ ಉರಿಸುವ ಆಸೆ ನಮಗಿಲ್ಲ.

ಎರಡನೆಯದು, 2026ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಘೋಷಿಸಿರುವ 12,500 ರೂಪಾಯಿ ಬೆಂಬಲ ಬೆಲೆ ಕಾಗದದಲ್ಲಿ ಉಳಿಯಬಾರದು. ಬೆಲೆ ಕುಸಿದ ವಾರವೇ ಖರೀದಿ ಕೇಂದ್ರ ತೆರೆಯಬೇಕು. 2021ರಲ್ಲಿ ತಾಳೆ ಬೆಳೆಗೆ 11,040 ಕೋಟಿ ರೂಪಾಯಿಯ ಯೋಜನೆ ಬಂತು. ಬೆಲೆ ಇಳಿದರೆ ವ್ಯತ್ಯಾಸದ ಹಣ ರೈತನ ಖಾತೆಗೆ ಹೋಗುವ ಏರ್ಪಾಡು ಅದರಲ್ಲಿದೆ. ಹೊಸದಾಗಿ ಬಂದ ತಾಳೆಗೆ ಕೊಟ್ಟ ಆಸರೆಯನ್ನು ತಲೆತಲಾಂತರದ ತೆಂಗಿಗೂ ಕೊಡಿ.

ಮೂರನೆಯದು, ನೀರಾವನ್ನು ಅಬಕಾರಿಯ ಕಣ್ಣಿನಿಂದ ನೋಡುವುದನ್ನು ಬಿಟ್ಟು ಆಹಾರವೆಂದು ನೋಡಿ. ಹಾಗೆಯೇ ಕೊಬ್ಬರಿ, ಕೊಬ್ಬರಿ ಎಣ್ಣೆಯ ರಫ್ತಿನ ಬಾಗಿಲನ್ನು ಹಠಾತ್ತನೆ ಮುಚ್ಚುವುದಿಲ್ಲವೆಂದು ಮಾತು ಕೊಡಿ.

ನಾಲ್ಕನೆಯದು ಮರದ ವಿಷಯ. 2025ರ ಬೆಲೆ ಕಂಡು ಹಿಗ್ಗಿದವರು ಎಷ್ಟು ಜನರ ಅಟ್ಟದಲ್ಲಿ ಕಾಯಿ ಇತ್ತೆಂದು ಕೇಳಿಕೊಳ್ಳಬೇಕು. ಕಪ್ಪುತಲೆ ಹುಳು, ಬಿಳಿನೊಣ, ಕಾಂಡ ಸೋರುವ ರೋಗ, ಅಣಬೆ ರೋಗ ತೋಟಗಳನ್ನು ತಿನ್ನುತ್ತಿವೆ. ಕಾಯಿಯೇ ಇಲ್ಲದವನಿಗೆ ಯಾವ ಸುಂಕವೂ ರಕ್ಷೆಯಲ್ಲ. ಹಳೆಯ ಮರ ತೆಗೆದು ಹೊಸ ಸಸಿ ನೆಡುವವರಿಗೆ, ಫಲ ಬರುವವರೆಗಿನ ವರ್ಷಗಳಿಗೆ ನೆರವು ಬೇಕು.

ಕೊನೆಗೆ ನಮ್ಮ ನಮ್ಮಲ್ಲಿ ಒಂದು ಮಾತು. ವರ್ತಕ ಮಿತ್ರರೇ, ಹೊರಗಿನ ಅಗ್ಗದ ಮಾಲನ್ನು ತಿಪಟೂರಿನ ಹೆಸರಿನ ಚೀಲಕ್ಕೆ ತುಂಬಬೇಡಿ. ಬೆಳೆಗಾರ ಬಂಧುಗಳೇ, ಬೆಲೆ ಇದೆಯೆಂದು ಹಸಿ ಕಾಯಿ ಒಡೆದು ಕೌಟು ಕೊಬ್ಬರಿಯನ್ನು ಚೀಲದ ತಳಕ್ಕೆ ಹಾಕಬೇಡಿ. ಈ ಊರಿನ ಹೆಸರೇ ನಮ್ಮ ಮೊದಲ ಬೇಲಿ, ಅದನ್ನು ಕಾಯಬೇಕಾದವರು ನಾವೇ. ಉತ್ಪಾದಕರ ಸಂಘಗಳಲ್ಲಿ ಸೇರಿ, ಒಟ್ಟಾಗಿ ಮಾರಿ. ಮುಂದಿನ ಸುಂಕದ ಆದೇಶ ಬರೆಯುವ ಮುಂಚೆ ದಿಲ್ಲಿಯವರು ನಮ್ಮನ್ನು ಕೇಳುವಂತಾಗಲಿ.

ಈ ನಾಲ್ಕು ಬೇಡಿಕೆಗಳನ್ನು ನಿರ್ಣಯವಾಗಿ ಅಂಗೀಕರಿಸಿ, ನಮ್ಮ ತಾಲ್ಲೂಕುಗಳ ಪ್ರತಿ ಗ್ರಾಮಸಭೆಯಲ್ಲೂ ಓದಿಸಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.