ಮಲಬದ್ಧತೆ: ಅದರ ಕಾರಣಗಳೂ ಉಪಾಯಗಳೂ

(ಶಿಕ್ಷಕರೂ ಪೌರರೂ ನೆರೆದ ಸಭೆಯಲ್ಲಿ ಮಾಡಿದ ಭಾಷಣ)



ಈ ದಿನ ನಾವು ತಮ್ಮ ಮುಂದೆ ಎತ್ತಿಕೊಂಡಿರುವ ವಿಷಯವು ಸಭೆಯಲ್ಲಿ ಆಡತಕ್ಕ ಮಾತಲ್ಲವೆಂದು ಕೆಲವರಿಗೆ ತೋರಬಹುದು. ಜ್ವರ ಬಂದರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳುವೆವು. ತಲೆ ನೋಯ್ದರೆ ಮನೆಮಂದಿಗೆಲ್ಲ ಸಾರುವೆವು. ಹೊಟ್ಟೆ ಕಟ್ಟಿದರೆ ಮಾತ್ರ ವೈದ್ಯರೆದುರಿನಲ್ಲಿಯೂ ತಲೆ ತಗ್ಗಿಸಿ ಅರ್ಧ ಮಾತು ಆಡುವೆವು. ಈ ಸಂಕೋಚದಿಂದಲೇ ಸಣ್ಣ ತೊಂದರೆಯು ದೊಡ್ಡದಾಗುವದು. ಸುಲಭವಾಗಿ ನೀಗತಕ್ಕದ್ದು ವರ್ಷಗಟ್ಟಲೆ ಬೆನ್ನು ಹತ್ತುವದು. ಮಹಾತ್ಮಾ ಗಾಂಧಿಯವರು ತಮಗಿದ್ದ ಮಲಬದ್ಧತೆಯನ್ನೂ, ಅದಕ್ಕಾಗಿ ತಾವು ಮಾಡಿದ ಕಟಿಸ್ನಾನ ಮತ್ತು ಮಣ್ಣಿನ ಪಟ್ಟಿಯ ಪ್ರಯೋಗಗಳನ್ನೂ ಆತ್ಮಕಥೆಯಲ್ಲಿ ಬಿಚ್ಚಿ ಬರೆದಿರುವರು. ಆ ಉಪಾಯಗಳ ಗುಣವೇನೇ ಇರಲಿ, ದೇಹಧರ್ಮದ ಮಾತನ್ನು ನಾಚದೆ ಆಡಿದ ಆ ರೀತಿಯು ನಮಗೆ ಮೇಲ್ಪಂಕ್ತಿಯಾಗಲಿ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲವೆಂದು ಗಾದೆಯುಂಟು; ಈ ರೋಗದ ಮಟ್ಟಿಗಂತೂ ಊಟವನ್ನೂ ಬಲ್ಲವರಾಗಬೇಕು, ಮಾತನ್ನೂ ಬಲ್ಲವರಾಗಬೇಕು.

ಮೊಟ್ಟಮೊದಲು, ಮಲಬದ್ಧತೆಯೆಂದರೇನು? ದಿನಾಲು ಬೆಳಗಿನಲ್ಲಿ ಒಂದು ಸಲ ಶೌಚವಾಗದಿದ್ದರೆ ಅದೇ ಮಲಬದ್ಧತೆಯೆಂದು ಬಹುಜನರು ತಿಳಿದಿರುವರು. ಇದು ಸರಿಯಲ್ಲ. ಆರೋಗ್ಯವಂತರಲ್ಲಿ ಕೆಲವರಿಗೆ ದಿನಕ್ಕೆ 3 ಸಲ, ಕೆಲವರಿಗೆ ವಾರಕ್ಕೆ 3 ಸಲ ಆಗುವದುಂಟು, ಎರಡೂ ಸಹಜವೇ. ಒಂದು ದಿನ ತಪ್ಪಿತೆಂದು ಗಾಬರಿಗೊಳ್ಳಲು ಕಾರಣವಿಲ್ಲ. ಇದಕ್ಕೆ ಪ್ರತಿಯಾಗಿ, ದಿನಾಲು ಹೋಗಿಯೂ ತಿಣುಕಿ ತಿಣುಕಿ ಗಟ್ಟಿಯಾದ ಉಂಡೆಗಳನ್ನಷ್ಟೇ ಹೊರಹಾಕಿ, ಇನ್ನೂ ಒಳಗೆ ಉಳಿದಿದೆಯೆಂಬ ಭಾವನೆಯಿಂದ ಎದ್ದು ಬರುವವನು ಮಲಬದ್ಧತೆಯುಳ್ಳವನೇ ಸರಿ. ವೈದ್ಯಲೋಕದಲ್ಲಿ ರೋಮ್ ನಿಯಮಗಳೆಂದು ಹೆಸರಾದವುಗಳ ನಾಲ್ಕನೆಯ ಆವೃತ್ತಿಯು 2016ರಲ್ಲಿ ಪ್ರಕಟವಾಯಿತು. ವಾರಕ್ಕೆ 3ಕ್ಕಿಂತ ಕಡಿಮೆ ಸಲ ಶೌಚ, ತಿಣುಕುವಿಕೆ, ಗಟ್ಟಿಯಾದ ಮಲ, ಪೂರ್ತಿಯಾಗಲಿಲ್ಲವೆಂಬ ಭಾವನೆ, ದಾರಿಯಲ್ಲಿ ಏನೋ ಅಡ್ಡವಾದಂತೆ ಅನಿಸುವದು, ಕೈಯಿಂದ ಸಹಾಯ ಮಾಡಿಕೊಳ್ಳಬೇಕಾಗುವದು, ಇವುಗಳಲ್ಲಿ ಎರಡಾದರೂ ಇದ್ದು, ತೊಂದರೆಯು 6 ತಿಂಗಳ ಹಿಂದೆ ಆರಂಭವಾಗಿ ಕಳೆದ 3 ತಿಂಗಳು ಮುಂದುವರಿದಿದ್ದರೆ ಅದನ್ನು ಬೇರೂರಿದ ಮಲಬದ್ಧತೆಯೆಂದು ಅವು ಎಣಿಸುವವು. ಇನ್ನು ಮಲದ ಆಕಾರವನ್ನೇ ನೋಡಿ ತಿಳಿಯುವ ಸುಲಭ ಪಟ್ಟಿಯೊಂದನ್ನು ಇಂಗ್ಲಂಡದ ಬ್ರಿಸ್ಟಲ್ ನಗರದ ವೈದ್ಯರು ರಚಿಸಿರುವರು. ಅದರಲ್ಲಿ 7 ತರಗತಿಗಳಿವೆ. ಆಡಿನ ಹಿಕ್ಕೆಯಂಥ ಬಿಡಿ ಉಂಡೆಗಳು ಮೊದಲನೆಯ ತರಗತಿ, ಕೇವಲ ನೀರು ಏಳನೆಯದು; ಮೂರನೆಯದೂ ನಾಲ್ಕನೆಯದೂ ಆರೋಗ್ಯದ ಗುರುತು. ಎಷ್ಟು ಸಲವೆಂಬದಕ್ಕಿಂತ ಎಂಥದೆಂಬದೇ ಹೆಚ್ಚು ಮುಖ್ಯವೆಂದು ಇದರಿಂದ ತಿಳಿಯುವದು.

ಇನ್ನು ಇದು ಆಗುವ ಬಗೆ ಹೇಗೆ? ಉಂಡ ಆಹಾರವು ಜಠರದಲ್ಲಿಯೂ ಸಣ್ಣ ಕರುಳಿನಲ್ಲಿಯೂ ಜೀರ್ಣವಾಗಿ, ಉಳಿದ ಭಾಗವು ತೆಳ್ಳಗಿರುವಾಗಲೇ ದೊಡ್ಡ ಕರುಳನ್ನು ಸೇರುವದು. ಸುಮಾರು ಒಂದೂವರೆ ಮೀಟರು ಉದ್ದದ ಈ ಕರುಳು ದಿನಕ್ಕೆ ಒಂದು ಲೀಟರಿಗೂ ಮಿಕ್ಕಿ ನೀರನ್ನು ಹೀರಿ ದೇಹಕ್ಕೆ ಹಿಂದಿರುಗಿಸುವದು. ಮಲವು ಅಲ್ಲಿ ಎಷ್ಟು ಹೆಚ್ಚು ಹೊತ್ತು ನಿಲ್ಲುವದೋ ಅಷ್ಟು ಹೆಚ್ಚು ಒಣಗುವದು. ಬೆಳಗಿನಲ್ಲಿ ಎದ್ದೊಡನೆ ಮತ್ತು ಊಟವಾದ ಬಳಿಕ ದೊಡ್ಡ ಕರುಳು ತಾನಾಗಿ ಚಲಿಸಿ ಮಲವನ್ನು ಕೆಳಗೆ ದೂಡುವದು. ಗುದದ ಮೇಲಿನ ಭಾಗವು ತುಂಬಿದಾಗ ನಮಗೆ ಕರೆ ಬರುವದು. ಆ ಕರೆಗೆ ಓಗೊಟ್ಟರೆ ಕೆಲಸವು ಸುಖವಾಗಿ ಮುಗಿಯುವದು. 'ಈಗಲ್ಲ, ಆಮೇಲೆ' ಎಂದು ತಡೆದರೆ ಕರೆಯು ತುಸು ಹೊತ್ತಿನಲ್ಲಿ ಅಡಗುವದು. ಆದರೆ ಮಲವು ಅಲ್ಲಿಯೇ ನಿಂತು ಗಟ್ಟಿಯಾಗುವದು. ಗಟ್ಟಿಯಾದುದು ಹೊರಡುವಾಗ ನೋಯಿಸುವದು. ನೋವಿಗೆ ಹೆದರಿದವನು ಮತ್ತೆ ತಡೆಯುವನು. ಹೀಗೆ ತಡೆಯುತ್ತ ತಡೆಯುತ್ತ ಗುದವು ಹಿಗ್ಗಿ, ಕರೆಯೇ ಮಂದವಾಗುವದು. ಇದೇ ಈ ರೋಗದ ವಿಷಚಕ್ರ. ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯವು ದೇಹದ ವೇಗಗಳನ್ನು ತಡೆಯಬಾರದೆಂಬ ವಿಷಯಕ್ಕೇ ಮೀಸಲಾಗಿದೆ. ಮಲವೇಗವನ್ನು ತಡೆದವನಿಗೆ ಹೊಟ್ಟೆಶೂಲೆ, ತಲೆನೋವು, ಮೀನಖಂಡಗಳ ಸೆಳೆತ, ಹೊಟ್ಟೆಯುಬ್ಬರ ಬರುವವೆಂದು ಅಲ್ಲಿ ಹೇಳಿದೆ. ಈಗಿನ ಶಾಸ್ತ್ರವು ಅದರ ಎಲ್ಲ ವಿವರಗಳನ್ನೂ ಒಪ್ಪದಿರಬಹುದು. ತಡೆಯಬೇಡಿರೆಂಬ ಮೂಲ ಮಾತನ್ನಂತೂ ಒಪ್ಪುವದು.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಬೇಕಾಗಿದೆ. ನಿಂತ ಮಲವು ವಿಷವಾಗಿ ರಕ್ತಕ್ಕೇರುವದೆಂದೂ, ಆದಕಾರಣ ಆಗಾಗ ಹೊಟ್ಟೆಯನ್ನು 'ತೊಳೆಯ'ಬೇಕೆಂದೂ ನಂಬಿ, ಜುಲಾಬು ತೆಗೆದುಕೊಳ್ಳುವವರೂ ಮಕ್ಕಳನ್ನು ಹಿಡಿದು ಹರಳೆಣ್ಣೆ ಕುಡಿಸುವವರೂ ನಮ್ಮಲ್ಲಿ ಇನ್ನೂ ಇರುವರು. ಈ ನಂಬಿಕೆಯು ನಮ್ಮದಷ್ಟೇ ಅಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಪ್ರಖ್ಯಾತ ಶಸ್ತ್ರವೈದ್ಯ ಆರ್ಬತ್‌ನಾಟ್ ಲೇನ್ ಎಂಬವರು ಇದೇ ವಿಷದ ಭಯದಿಂದ ರೋಗಿಗಳ ದೊಡ್ಡ ಕರುಳನ್ನೇ ಕೊಯ್ದು ತೆಗೆಯುವವರೆಗೆ ಹೋದರು! ಆದರೆ 1919ರಲ್ಲಿ ಅಮೇರಿಕದ ವೈದ್ಯ ವಾಲ್ಟರ್ ಅಲ್ವಾರೆಜ್ ಅವರು ಒಂದು ಸರಳ ಪ್ರಶ್ನೆಯನ್ನೆತ್ತಿದರು: ಶೌಚವಾದ ಕೂಡಲೇ ತಲೆಭಾರವು ಇಳಿಯುವದಲ್ಲ, ವಿಷವು ರಕ್ತದಲ್ಲಿ ಬೆರೆತಿದ್ದರೆ ಅದು ಕ್ಷಣಮಾತ್ರದಲ್ಲಿ ಹೋಗುವದು ಹೇಗೆ? 1922ರಲ್ಲಿ ಡೊನಾಲ್ಡ್‌ಸನ್ ಎಂಬ ಇನ್ನೊಬ್ಬ ವೈದ್ಯರು ಆರೋಗ್ಯವಂತರ ಗುದದಲ್ಲಿ ಹತ್ತಿಯನ್ನು ತುಂಬಿ ನೋಡಲಾಗಿ, ಅದೇ ತಲೆನೋವು, ಅದೇ ಜಡತೆ ಅವರಿಗೂ ಬಂದವು. ಹತ್ತಿಯಲ್ಲಿ ವಿಷವೆಲ್ಲಿಯದು? ಆ ಬೇನೆಯು ಕರುಳು ಹಿಗ್ಗಿದ್ದರಿಂದ ಆಗತಕ್ಕದ್ದೇ ಹೊರತು ವಿಷದಿಂದಲ್ಲ. ಅಷ್ಟೇ ಅಲ್ಲ, ಜುಲಾಬಿನಿಂದ ಕರುಳೆಲ್ಲ ಬರಿದಾದ ಮೇಲೆ ಅದು ಮತ್ತೆ ತುಂಬಲು ಎರಡು ಮೂರು ದಿನಗಳು ಬೇಕು. ಆ ದಿನಗಳಲ್ಲಿ ಶೌಚವಾಗಲಿಲ್ಲವೆಂದು ಹೆದರಿ ಮತ್ತೊಂದು ಜುಲಾಬು ತೆಗೆದುಕೊಳ್ಳುವವನು ತನ್ನ ರೋಗವನ್ನು ತಾನೇ ಬೆಳೆಸುವವನಾಗುವನು.

ಇನ್ನು ಕಾರಣಗಳು. ಮೊದಲನೆಯದು ಆಹಾರ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ, ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶವುಂಟು. ಗಿರಣಿಯಲ್ಲಿ ಬೆಳ್ಳಗೆ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಮಾತ್ರ. ಪ್ರಾಯದವರು ದಿನಕ್ಕೆ 25 ಗ್ರಾಮಿಗೆ ಕಡಿಮೆಯಿಲ್ಲದೆ ನಾರನ್ನು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸೂಚಿಸಿತು. ಉತ್ತರದ ಜೋಳದ ರೊಟ್ಟಿಯನ್ನೂ ದಕ್ಷಿಣದ ರಾಗಿಮುದ್ದೆಯನ್ನೂ ಬಡವರ ಊಟವೆಂದು ಕೀಳಾಗಿ ಕಂಡು, ಬಿಳಿ ಅನ್ನ, ಮೈದಾ ಬ್ರೆಡ್ಡು, ಬಿಸ್ಕೀಟುಗಳನ್ನು ನಾಗರಿಕತೆಯ ಗುರುತೆಂದು ಬಗೆದ ಪಟ್ಟಣಿಗರು ಇದರ ಫಲವನ್ನು ಉಣ್ಣುತ್ತಲಿದ್ದಾರೆ. ಎರಡನೆಯದು ಕುಳಿತೇ ಮಾಡುವ ಕೆಲಸ. ಮೂರನೆಯದು ನಾವು ಈಗಾಗಲೇ ಹೇಳಿದ ತಡೆಯುವ ಅಭ್ಯಾಸ. ನಾಲ್ಕನೆಯದು ಔಷಧಗಳು: ಅಫೀಮಿನ ಜಾತಿಯ ನೋವಿನ ಗುಳಿಗೆಗಳು ಹಾಗೂ ಕೆಮ್ಮಿನ ಔಷಧಗಳು, ಕಬ್ಬಿಣದ ಗುಳಿಗೆಗಳು, ರಕ್ತದೊತ್ತಡದ ಹಾಗೂ ಮನೋವ್ಯಾಧಿಯ ಕೆಲವು ಔಷಧಗಳು ಹೊಟ್ಟೆಯನ್ನು ಕಟ್ಟುವವು. ಐದನೆಯದು ಬೇರೆ ರೋಗಗಳು: ಥೈರಾಯ್ಡ್ ಗ್ರಂಥಿಯ ಮಂದತೆ, ಸಕ್ಕರೆ ಕಾಯಿಲೆ, ಪಾರ್ಕಿನ್ಸನ್ ರೋಗ. ಗರ್ಭಿಣಿಯರಲ್ಲಿಯೂ ಮುದುಕರಲ್ಲಿಯೂ ಇದು ಹೆಚ್ಚು. ಕೆಲವರಲ್ಲಿ ಸಡಿಲವಾಗಬೇಕಾದ ಗುದದ ಸ್ನಾಯುಗಳು ತಿಣುಕುವಾಗ ಬಿಗಿಯಾಗುವವು. ಇಂಥವರಿಗೆ ಎಷ್ಟು ನಾರು ತಿಂದರೂ ಸಾಲದು, ಸ್ನಾಯುಗಳಿಗೆ ಹೊಸದಾಗಿ ಅಭ್ಯಾಸ ಮಾಡಿಸುವ ಚಿಕಿತ್ಸೆಯು ಬೇಕು.

ಸಭಾಸದರೇ, ಇಲ್ಲಿ ನೆರೆದಿರುವ ಶಿಕ್ಷಕರಲ್ಲಿ ನಮ್ಮದೊಂದು ವಿಶೇಷ ಬಿನ್ನಹವಿದೆ. ಮಕ್ಕಳಲ್ಲಿ ಈ ರೋಗವು ಹುಟ್ಟುವ ಕಾಲಗಳು ಮುಖ್ಯವಾಗಿ ಮೂರು: ಹಾಲು ಬಿಟ್ಟು ಅನ್ನಕ್ಕೆ ತೊಡಗಿದಾಗ, ಶೌಚದ ಅಭ್ಯಾಸ ಕಲಿಸುವಾಗ, ಶಾಲೆಗೆ ಸೇರಿದಾಗ. ಮೊದಲಿನ ಎರಡು ತಾಯಂದಿರ ಕೈಯಲ್ಲಿವೆ. ಮೂರನೆಯದು ತಮ್ಮ ಕೈಯಲ್ಲಿದೆ. ಬೆಳಗಿನಲ್ಲಿ ಬಸ್ಸು ಹಿಡಿಯುವ ಅವಸರದಲ್ಲಿ ಮಗುವಿಗೆ ಮನೆಯಲ್ಲಿ ಸಮಯವಿಲ್ಲ. ಶಾಲೆಯಲ್ಲಿ ಕರೆ ಬಂದರೆ ಕೈಯೆತ್ತಲು ಹೆದರಿಕೆ. ಎತ್ತಿದರೆ 'ಈಗಷ್ಟೇ ಗಂಟೆ ಹೊಡೆಯಿತಲ್ಲ, ಕೂಡು' ಎಂಬ ಗದರಿಕೆ. ಹೋಗಲು ಬಿಟ್ಟರೂ ಅಲ್ಲಿ ನೀರಿಲ್ಲ, ಬಾಗಿಲಿಗೆ ಚಿಲಕವಿಲ್ಲ. ಹೆಣ್ಣುಮಕ್ಕಳಂತೂ ಹೋಗುವ ಪ್ರಸಂಗವೇ ಬಾರದಿರಲೆಂದು ದಿನವೆಲ್ಲ ನೀರು ಕುಡಿಯದೆ ಇರುವದನ್ನು ಕಾಣುತ್ತೇವೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಪ್ರತ್ಯೇಕ ಶೌಚಾಲಯಗಳಿರಬೇಕೆಂದು ವಿಧಿಸಿದೆ. ಗೋಡೆ ಕಟ್ಟಿದರೆ ಕಾಯಿದೆಯು ತೃಪ್ತವಾಗಬಹುದು. ನೀರಿಲ್ಲದ, ಬೀಗ ಹಾಕಿದ ಶೌಚಾಲಯದಿಂದ ಮಗುವಿನ ಕರುಳು ತೃಪ್ತವಾಗುವದಿಲ್ಲ.

ಇದಕ್ಕಿಂತಲೂ ಕರುಣಾಜನಕವಾದ ಸಂಗತಿಯೊಂದುಂಟು. ಬಹು ದಿನ ತಡೆದ ಮಗುವಿನ ಗುದದಲ್ಲಿ ಗಟ್ಟಿಯಾದ ಮಲವು ಕಲ್ಲಿನಂತೆ ಕೂಡುವದು. ಅದರ ಪಕ್ಕದಿಂದ ತೆಳುವಾದ ಮಲವು ಮಗುವಿಗೆ ಅರಿವಿಲ್ಲದೆ ಸೋರಿ ಚಡ್ಡಿಯನ್ನು ಹೊಲಸು ಮಾಡುವದು. ಮನೆಯವರು ಇದನ್ನು ಭೇದಿಯೆಂದು ತಿಳಿಯುವರು, ಸಹಪಾಠಿಗಳು ಮೂಗು ಮುಚ್ಚಿ ನಗುವರು, ಶಿಕ್ಷಕರು ಕೊಳಕನೆಂದು ಬಯ್ಯುವರು. ಆ ಮಗುವು ಕೊಳಕನೂ ಅಲ್ಲ, ತುಂಟನೂ ಅಲ್ಲ, ರೋಗಿ. ಅವಮಾನಪಟ್ಟ ಮಗುವು ಇನ್ನೂ ಹೆಚ್ಚು ತಡೆಯುವದು, ರೋಗವು ಇನ್ನೂ ಬಲಿಯುವದು. ಇಂಥ ಮಗುವನ್ನು ವೈದ್ಯರಲ್ಲಿಗೆ ಕಳುಹಬೇಕು. ಕೂಡಿದ ಮಲವನ್ನು ಮೊದಲು ತೆಗೆಯಿಸಿ, ಬಳಿಕ ಮಲವನ್ನು ಮೆದುಗೊಳಿಸುವ ಔಷಧವನ್ನು ಕನಿಷ್ಠ 2 ತಿಂಗಳಾದರೂ ಕೊಡಬೇಕಾಗುವದು. ಒಂದು ವಾರಕ್ಕೆ ಗುಣವಾಯಿತೆಂದು ನಿಲ್ಲಿಸಿದರೆ ಮತ್ತೆ ಮರುಕಳಿಸುವದು. ಮನೆಯಲ್ಲಿ ಪ್ರತಿ ಊಟದ ಬಳಿಕ 5ರಿಂದ 10 ನಿಮಿಷ ಶೌಚಕ್ಕೆ ಕೂಡಿಸುವ ರೂಢಿಯನ್ನು ಹಾಕಬೇಕು. ಆದರೆ ಬೈಗುಳವೂ ಬಲವಂತವೂ ಕೂಡದು.

ದೊಡ್ಡವರಿಗೆ ಉಪಾಯಗಳೇನು? ಕ್ರಮವಾಗಿ ಹೇಳುವೆವು. ಒಂದು: ಬೆಳಗಿನ ತಿಂಡಿಯ ಬಳಿಕ ಕಾಲು ಗಂಟೆಯನ್ನು ಇದಕ್ಕೆ ಮೀಸಲಿಡಿರಿ, ಕರೆ ಬಂದಾಗ ಎದ್ದು ಹೋಗಿರಿ. ಪತ್ರಿಕೆಯನ್ನೋ ಫೋನನ್ನೋ ಹಿಡಿದು ಅರ್ಧ ಗಂಟೆ ಕೂಡುವದರಿಂದ ಮೂಲವ್ಯಾಧಿಗೆ ಆಮಂತ್ರಣ ಕೊಟ್ಟಂತಾಗುವದು. ಎರಡು: ನಮ್ಮ ಹಿರಿಯರ ಕುಕ್ಕರಗಾಲಿನ ರೀತಿಯು ಶರೀರರಚನೆಗೆ ಒಪ್ಪತಕ್ಕದ್ದು, ಹಾಗೆ ಕುಳಿತಾಗ ಗುದದ ಬಾಗು ನೇರವಾಗುವದು. ಕುರ್ಚಿಯಂಥ ಶೌಚಪೀಠವಿದ್ದವರು ಕಾಲ ಕೆಳಗೆ ಚಿಕ್ಕ ಮಣೆಯನ್ನಿಟ್ಟುಕೊಂಡು ಮುಂದಕ್ಕೆ ಬಾಗಿದರೆ ಸಾಕು. ಮೂರು: ಜೋಳ, ರಾಗಿ, ಕಾಳು, ಸೊಪ್ಪು, ಸಿಪ್ಪೆ ಸಹಿತವಾದ ಹಣ್ಣುಗಳನ್ನು ಮೆಲ್ಲಮೆಲ್ಲನೆ ಹೆಚ್ಚಿಸಿರಿ, ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆಯುಬ್ಬುವದು. ನೀರನ್ನು ಬಾಯಾರಿಕೆ ತೀರುವಷ್ಟು ಕುಡಿಯಿರಿ. ಸಾಕಷ್ಟು ಕುಡಿಯುವವನು ಕೊಡಗಟ್ಟಲೆ ಕುಡಿದರೂ ಹೆಚ್ಚಿನ ಫಲವಿಲ್ಲ. ನಾಲ್ಕು: ದಿನಾಲು ನಡೆಯಿರಿ. ಐದು: ಇಷ್ಟರಿಂದ ಸಾಲದಿದ್ದರೆ ಇಸಬಗೋಲವನ್ನು ತುಂಬ ನೀರಿನೊಡನೆ ತೆಗೆದುಕೊಳ್ಳಬಹುದು, ನೀರು ಸಾಲದಿದ್ದರೆ ಅದು ಗಂಟಲಲ್ಲಿಯೇ ಉಬ್ಬಿ ಸಿಕ್ಕಿಕೊಳ್ಳುವ ಭಯವುಂಟು. ಅದಕ್ಕೂ ಜಗ್ಗದಿದ್ದರೆ ನೀರನ್ನು ಹಿಡಿದಿಟ್ಟು ಮಲವನ್ನು ಮೆದುಗೊಳಿಸುವ ಲ್ಯಾಕ್ಟುಲೋಸ್, ಪಾಲಿಎಥಿಲೀನ್ ಗ್ಲೈಕಾಲ್ ಮೊದಲಾದವುಗಳಿವೆ. ಸೋನಾಮುಖಿಯಂಥ ಕರುಳನ್ನು ಪ್ರಚೋದಿಸುವ ಔಷಧಗಳನ್ನು ವೈದ್ಯರ ಮಾತಿನಂತೆ, ಬೇಕಾದಾಗ ಮಾತ್ರ ಬಳಸಿರಿ. ಮೂತ್ರಪಿಂಡದ ರೋಗವುಳ್ಳವರು ಮ್ಯಾಗ್ನೀಷಿಯಂ ಬೆರೆತ ಔಷಧಗಳನ್ನು ತಾವಾಗಿ ಮುಟ್ಟಬಾರದು.

ಕಡೆಯದಾಗಿ ಎಚ್ಚರಿಕೆಯ ಮಾತು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕವಿಳಿಯುವದು, ರಕ್ತಹೀನತೆ, ವಯಸ್ಸಾದ ಮೇಲೆ ಹೊಸದಾಗಿ ಶೌಚದ ರೀತಿ ಬದಲಾಗುವದು, ಮನೆತನದಲ್ಲಿ ಕರುಳಿನ ಅರ್ಬುದದ ಚರಿತ್ರೆ, ಇವುಗಳಲ್ಲಿ ಒಂದಿದ್ದರೂ ಮನೆಮದ್ದಿನಲ್ಲಿ ದಿನ ಕಳೆಯದೆ ವೈದ್ಯರನ್ನು ಕಾಣಬೇಕು. ರಕ್ತವನ್ನು ಮೂಲವ್ಯಾಧಿಯೆಂದೇ ನಂಬಿ ಸುಮ್ಮನಿದ್ದುದರಿಂದ ಕೈಮೀರಿದ ಅರ್ಬುದಗಳುಂಟು. ಹೊಟ್ಟೆಯುಬ್ಬಿ, ವಾಂತಿಯಾಗುತ್ತ, ಅಪಾನವಾಯುವೂ ಹೋಗದಿದ್ದರೆ ಅದು ಕರುಳು ಕಟ್ಟಿದ ಲಕ್ಷಣವಾಗಿರಬಹುದು. ಆಗ ಜುಲಾಬು ಕೊಡದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಮಹನೀಯರೇ, ನಾಡು ಕಟ್ಟುವ ಮಾತನ್ನು ನಾವು ವೇದಿಕೆಗಳ ಮೇಲಿಂದ ಎಷ್ಟೋ ಆಡುತ್ತೇವೆ. ನಾಡು ಕಟ್ಟುವವರು ಇಂದು ತಮ್ಮ ಶಾಲೆಯ ಬೆಂಚಿನ ಮೇಲೆ ಕುಳಿತಿರುವರು. ಅವರಲ್ಲಿ ಒಬ್ಬನು ತುಟಿ ಕಚ್ಚಿ, ಕಾಲು ಹೊಸೆಯುತ್ತ, ಗಂಟೆ ಯಾವಾಗ ಹೊಡೆಯುವದೆಂದು ನೋಡುತ್ತಿದ್ದರೆ ಆಗ ನಡೆಯುವ ಪಾಠವು ಅವನಿಗೆ ತಲುಪುವದುಂಟೆ? ಕೈಯೆತ್ತಿದ ಮಗುವನ್ನು ಏಕೆಂದು ಕೇಳದೆ ಹೋಗಗೊಡಿರಿ. ನಿಮ್ಮ ಶಾಲೆಯ ಶೌಚಾಲಯದಲ್ಲಿ ನೀರಿದೆಯೇ, ಚಿಲಕವಿದೆಯೇ ಎಂಬದನ್ನು ನಾಳೆ ಬೆಳಗಿನಲ್ಲಿ ನೀವೇ ಹೋಗಿ ನೋಡಿರಿ. ಇಲ್ಲದಿದ್ದರೆ ಪಂಚಾಯತಿಯನ್ನೂ ಶಾಲಾ ಸಮಿತಿಯನ್ನೂ ಎಚ್ಚರಿಸಿರಿ. ಈ ಎರಡು ಕೆಲಸಗಳಿಗೆ ಔಷಧದ ಖರ್ಚಿಲ್ಲ, ವೈದ್ಯರ ಚೀಟಿಯೂ ಬೇಕಿಲ್ಲ. ಇವುಗಳನ್ನು ನೀವು ಮಾಡುವಿರೆಂಬ ಭರವಸೆಯಿಂದ ನಮ್ಮ ಮಾತನ್ನು ಮುಗಿಸುವೆವು.