ಗುಂಡಿಗೆ ಒಂದು ಕೊಂಬೆ ನೆಟ್ಟರೆ ಮುಗೀತಾ?



ನಮ್ಮ ರಸ್ತೆಗಳಿಗೆ ಅಂತಲೇ ಒಂದು ಭಾಷೆ ಇದೆ. ಯಾವ ಶಾಲೆಯಲ್ಲೂ ಕಲಿಸಲ್ಲ, ಆದ್ರೆ ಎಲ್ಲರಿಗೂ ಬರುತ್ತೆ. ರಸ್ತೆ ಮಧ್ಯೆ ಹಸಿ ಎಲೆಯ ಕೊಂಬೆ ನೆಟ್ಟಿದ್ದರೆ ಅಲ್ಲಿ ಗುಂಡಿ ಇದೆ. ನಾಲ್ಕು ಕಲ್ಲು ಸಾಲಾಗಿ ಇಟ್ಟಿದ್ದರೆ ಮುಂದೆ ಲಾರಿ ಕೆಟ್ಟು ನಿಂತಿದೆ. ಎರಡು ಮರಳಿನ ಚೀಲ, ಒಂದು ಕೋಲು, ಕೋಲಿನ ತುದಿಗೆ ಕೆಂಪು ಬಟ್ಟೆಯ ಚೂರು ಇದ್ದರೆ ಮ್ಯಾನ್‌ಹೋಲಿಗೆ ಮುಚ್ಚಳ ಇಲ್ಲ. ಎಷ್ಟೋ ಸಲ ಲಾರಿ ರಿಪೇರಿ ಮಾಡಿಸಿಕೊಂಡು ಹೋಗಿರುತ್ತೆ, ಕಲ್ಲು ಮಾತ್ರ ಅಲ್ಲೇ ಉಳಿದಿರುತ್ತೆ. ಎಚ್ಚರಿಕೆಗೆ ಅಂತ ಇಟ್ಟ ಆ ಕಲ್ಲೇ ರಾತ್ರಿ ಬೈಕಿನವನ ಪಾಲಿಗೆ ಯಮ ಆಗುತ್ತೆ.

ಕೊಂಬೆ ನೆಟ್ಟವನನ್ನ ನಾನು ಬಯ್ಯಲ್ಲ. ಅವನು ಪಕ್ಕದ ಬೀಡಾ ಅಂಗಡಿಯವನೋ, ಸ್ಟ್ಯಾಂಡಿನ ಆಟೋದವನೋ ಆಗಿರ್ತಾನೆ. ಅವನ ಕಣ್ಣೆದುರೇ ಯಾರೋ ಬಿದ್ದಿರ್ತಾರೆ, ಮನಸ್ಸು ತಡೀದೆ ಒಂದು ಕೊಂಬೆ ಮುರಿದು ತಂದು ನೆಟ್ಟಿರ್ತಾನೆ. ಅವನಿಗೆ ಯಾರೂ ಸಂಬಳ ಕೊಟ್ಟಿಲ್ಲ. ನನ್ನ ಪ್ರಶ್ನೆ ಏನಿದ್ರೂ ಆ ಕೆಲಸಕ್ಕೆ ದುಡ್ಡು ತಗೊಂಡವರಿಗೆ.

ಆ ಪ್ರಶ್ನೆಗೆ ಬರೋ ಮೊದಲು ನಿಮ್ಮನ್ನ ಒಂದು ವಿಮಾನ ನಿಲ್ದಾಣಕ್ಕೆ ಕರ್ಕೊಂಡು ಹೋಗ್ತೀನಿ. ಯಾಕಂದ್ರೆ ಅಲ್ಲೂ ಡಾಂಬರು ಕಿತ್ತುಹೋಗುತ್ತೆ, ಅಲ್ಲೂ ಗುಂಡಿ ಬೀಳುತ್ತೆ, ಅಲ್ಲೂ ಜೆಸಿಬಿ, ರೋಲರ್ ಬಂದು ರಿಪೇರಿ ಮಾಡುತ್ವೆ. ಮುಂಬೈ ವಿಮಾನ ನಿಲ್ದಾಣವನ್ನೇ ತಗೊಳ್ಳಿ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ ಒಂದು ದಿನ, ಬೆಳಿಗ್ಗೆ 11ರಿಂದ ಸಂಜೆ 5ರವರೆಗೆ ಎರಡೂ ರನ್‌ವೇ ಬಂದ್. ದೇಶದ ಅತ್ಯಂತ ಬ್ಯುಸಿ ನಿಲ್ದಾಣಗಳಲ್ಲಿ ಒಂದು ಅದು. ಆರು ಗಂಟೆ ಒಂದೇ ಒಂದು ವಿಮಾನ ಇಳಿಯಲ್ಲ, ಏರಲ್ಲ. ಈ ಸೂಚನೆ ತಿಂಗಳುಗಳ ಮುಂಚೆಯೇ ವಿಮಾನ ಕಂಪನಿಗಳಿಗೆ ಹೋಗಿರುತ್ತೆ. ಕೆಲಸ ಮುಗಿದ ಮೇಲೂ ಹಾಗೇ ತೆರೆದುಬಿಡಲ್ಲ, ರನ್‌ವೇ ಉದ್ದಕ್ಕೂ ತಪಾಸಣೆ ಮಾಡ್ತಾರೆ. ಒಂದು ಬೋಲ್ಟು, ಒಂದು ಸ್ಪ್ಯಾನರ್, ಒಂದು ತುಂಡು ತಂತಿ ಬಿದ್ದಿರಬಾರದು. 2000ದ ಜುಲೈ 25ರಂದು ಪ್ಯಾರಿಸ್‌ನಲ್ಲಿ ಕಾಂಕಾರ್ಡ್ ಉರಿದು ಬಿದ್ದು 113 ಜನ ಸತ್ತರಲ್ಲ, ಅದು ಶುರುವಾಗಿದ್ದು ಇನ್ನೊಂದು ವಿಮಾನದಿಂದ ಕಳಚಿ ರನ್‌ವೇ ಮೇಲೆ ಬಿದ್ದಿದ್ದ ಒಂದು ಲೋಹದ ಪಟ್ಟಿಯಿಂದ.

ಇನ್ನು ರನ್‌ವೇ ದೀರ್ಘ ಕಾಲ ಮುಚ್ಚಿದ್ದರೆ ಅದರ ಮೇಲೆ ದೊಡ್ಡದಾಗಿ ಬಿಳಿ ಬಣ್ಣದ ಇಂಟು ಗುರುತು ಹಾಕಬೇಕು. ಟ್ಯಾಕ್ಸಿವೇ ಆದರೆ ಹಳದಿ. ಕೆಟ್ಟ ಜಾಗದ ಸುತ್ತ ಕೋನ್, ರಾತ್ರಿಯಾದರೆ ಕೆಂಪು ದೀಪ. ಅಲ್ಲಿಡೋ ಬ್ಯಾರಿಕೇಡ್ ನೋಡಿದ್ರೆ ನಿಮಗೆ ನಗು ಬರಬಹುದು, ಮೊಣಕಾಲೆತ್ತರಕ್ಕೂ ಬರಲ್ಲ. ರೆಕ್ಕೆ, ಎಂಜಿನ್ನು ತಾಗಬಾರದಲ್ಲ, ಅದಕ್ಕೆ. ಹಗುರವಾಗಿರಬೇಕು, ತಾಗಿದರೆ ಅದೇ ಮುರೀಬೇಕು, ವಿಮಾನ ಮುರೀಬಾರದು. ಹಾಗಂತ ಜೆಟ್ ಎಂಜಿನ್ ಗಾಳಿಗೆ ಹಾರಿಹೋಗಲೂ ಬಾರದು. ಅದಕ್ಕೇ ಪೊಳ್ಳು ಪ್ಲಾಸ್ಟಿಕ್ ಮಾಡಿ ಒಳಗೆ ನೀರು ತುಂಬ್ತಾರೆ. ಒಂದು ಬ್ಯಾರಿಕೇಡ್ ಬಗ್ಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳೋರು ಇದಾರೆ ಸ್ವಾಮಿ ಈ ಲೋಕದಲ್ಲಿ!

ವಿಮಾನದವರು ಹುಟ್ಟಾ ಶಿಸ್ತಿನವರು, ನಾವು ಹುಟ್ಟಾ ಹೀಗೇ ಅಂದ್ಕೋಬೇಡಿ. ಅಲ್ಲೂ ಎಡವಿದ್ದಾರೆ, ಎಡವಿದಾಗ ಏನಾಯ್ತು ಅನ್ನೋದನ್ನ ಕೇಳಿ.

2000ದ ಅಕ್ಟೋಬರ್ 31ರ ರಾತ್ರಿ, ತೈವಾನ್‌ನ ತೈಪೆ ವಿಮಾನ ನಿಲ್ದಾಣ. ಚಂಡಮಾರುತ ಹತ್ತಿರದಲ್ಲಿದೆ, ಜಡಿಮಳೆ, ಮುಂದೆ ಅರ್ಧ ಕಿಲೋಮೀಟರ್ ಕಾಣೋದೂ ಕಷ್ಟ. ಸಿಂಗಪುರ್ ಏರ್‌ಲೈನ್ಸ್‌ನ ಬೋಯಿಂಗ್ 747, ಫ್ಲೈಟ್ 006, ಲಾಸ್ ಏಂಜಲೀಸ್‌ಗೆ ಹೊರಟಿದೆ. ಒಳಗೆ 179 ಜನ. ಅವರು ಹೋಗಬೇಕಿದ್ದದ್ದು 05 ಎಡ ರನ್‌ವೇಗೆ. ಹೋಗಿದ್ದು ಪಕ್ಕದಲ್ಲೇ ಸಮಾನಾಂತರವಾಗಿದ್ದ 05 ಬಲ ರನ್‌ವೇಗೆ. ಆ ರನ್‌ವೇ ರಿಪೇರಿಗೆ ಅಂತ ಮುಚ್ಚಿತ್ತು. ಮಧ್ಯದಲ್ಲಿ ಕಾಂಕ್ರೀಟ್ ತಡೆ, ಅಗೆಯೋ ಯಂತ್ರಗಳು. ವಿಮಾನ ವೇಗ ಹಿಡಿದು ನೆಲ ಬಿಡೋ ಹೊತ್ತಿಗೆ ಎದುರಿಗೆ ಅವು ಕಂಡವು. 83 ಜನ ಸತ್ತರು.

ರನ್‌ವೇ ಮುಚ್ಚಿದೆ ಅಂತ ಪೈಲಟ್‌ಗಳಿಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಸೂಚನೆಯ ಕಾಗದ ಕೈಯಲ್ಲೇ ಇತ್ತು. ಆದ್ರೆ ರನ್‌ವೇ ಶುರುವಾಗೋ ಜಾಗದಲ್ಲಿ ಒಂದು ಬ್ಯಾರಿಕೇಡ್ ಇರಲಿಲ್ಲ, ಮುಚ್ಚಿದೆ ಅಂತ ಹೇಳೋ ಗುರುತು ಇರಲಿಲ್ಲ. ಯಾಕೆ ಇರಲಿಲ್ಲ ಅಂದ್ರೆ ಆ ತುದಿಯ ಸ್ವಲ್ಪ ಭಾಗವನ್ನ ವಿಮಾನಗಳ ಓಡಾಟಕ್ಕೆ ಟ್ಯಾಕ್ಸಿವೇ ಥರ ಬಳಸ್ತಿದ್ರು. ತೈವಾನ್‌ನ ತನಿಖೆಯವರು ಪೈಲಟ್‌ಗಳ ತಪ್ಪನ್ನ ಎತ್ತಿ ತೋರಿಸಿದರು, ನಿಲ್ದಾಣದ ಕೊರತೆಗಳನ್ನೂ ಪಟ್ಟಿ ಮಾಡಿದರು. ಸಿಂಗಪುರದವರು ನಿಲ್ದಾಣದ ದೀಪ, ಗುರುತುಗಳ ದೋಷವೇ ದೊಡ್ಡದು ಅಂತ ವಾದಿಸಿದರು. ಆ ಜಗಳ ಅವರಿಗಿರಲಿ. ನನಗೆ ಮುಖ್ಯ ಅನಿಸೋದು ಇದು: ಸಾವಿರಾರು ಗಂಟೆ ಹಾರಿದ ಪೈಲಟ್‌ಗೇ, ಮುಂಚೇನೇ ಓದಿ ತಿಳಿದಿದ್ದರೂ, ಕತ್ತಲು ಮತ್ತು ಮಳೆಯಲ್ಲಿ ನೆಲವೇ ಬಾಯಿಬಿಟ್ಟು 'ಬರಬೇಡ' ಅಂತ ಹೇಳಬೇಕಾಗುತ್ತೆ. ಹಾಗಿದ್ರೆ ನೈಟ್ ಶಿಫ್ಟ್ ಮುಗಿಸಿ ಸ್ಕೂಟರ್‌ನಲ್ಲಿ ಮನೆಗೆ ಹೊರಟ ಹೆಣ್ಣುಮಗಳಿಗೆ? ಅವಳಿಗೆ ಯಾವ ಕಾಗದ ಕಳಿಸಿದ್ರಿ?

ಈಗ ವಾಪಸ್ ನಮ್ಮ ರಸ್ತೆಗೆ ಬನ್ನಿ. 'ನಮ್ಮಲ್ಲಿ ರೂಲ್ಸ್ ಇಲ್ಲ' ಅಂತ ನೀವು ಅಂದ್ಕೊಂಡಿದ್ರೆ, ರೂಲ್ಸ್ ದಂಡಿಯಾಗಿವೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಂತ ಒಂದು ಸಂಸ್ಥೆ, ಈ ದೇಶದ ರಸ್ತೆಗಳಿಗೆ ಮಾನದಂಡ ಬರೆಯೋದು ಅದೇ. ಕಾಮಗಾರಿ ನಡೆಯೋ ಜಾಗದ ಸಂಚಾರಕ್ಕೆ ಅಂತಲೇ ಎಸ್‌ಪಿ 55 ಅನ್ನೋ ಪುಸ್ತಕ 2001ರಲ್ಲಿ ಬಂತು, 2014ರಲ್ಲಿ ಪರಿಷ್ಕರಣೆ ಆಯ್ತು. ಕೆಲಸದ ಜಾಗವನ್ನ ಅದು ನಾಲ್ಕು ಭಾಗ ಮಾಡುತ್ತೆ. ತುಂಬಾ ಮುಂಚೆಯೇ ಎಚ್ಚರಿಕೆಯ ಬೋರ್ಡುಗಳು, ಆಮೇಲೆ ಗಾಡಿಗಳನ್ನ ನಿಧಾನಕ್ಕೆ ಪಕ್ಕಕ್ಕೆ ಸರಿಸೋ ಕೋನ್‌ಗಳ ಓರೆ ಸಾಲು, ಆಮೇಲೆ ಕೆಲಸದ ಜಾಗ, ಕೊನೆಗೆ ಗಾಡಿಗಳು ಮತ್ತೆ ತಮ್ಮ ಲೇನಿಗೆ ಮರಳೋ ಜಾಗ. ನಮ್ಮಲ್ಲಿ ಮೂರನೇದು ಮಾತ್ರ ಇರುತ್ತೆ. ನೇರ ಬಂದ್ರಿ, ಗುಂಡಿ!

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಕಾಮಗಾರಿ ನಿಯಮಗಳ 112ನೇ ವಿಭಾಗ ಇನ್ನೂ ಸ್ಪಷ್ಟ. ಬ್ಯಾರಿಕೇಡ್ ಗಟ್ಟಿಯಾಗಿರಬೇಕು, ಪಟ್ಟೆ ಬಣ್ಣ ಹೊಡೆದಿರಬೇಕು, ಅದರ ಮೇಲಿನ ಕೆಂಪು ದೀಪ ಸೂರ್ಯ ಮುಳುಗಿದಾಗಿನಿಂದ ಸೂರ್ಯ ಹುಟ್ಟೋವರೆಗೆ ಉರೀತಿರಬೇಕು. ಇಡೀ ರಾತ್ರಿ. ನಿಮ್ಮೂರಲ್ಲಿ ಯಾವಾಗಾದ್ರೂ ನೋಡಿದೀರಾ?

ಯಾಕೆ ಇಷ್ಟು ದೂರದಿಂದ ಎಚ್ಚರಿಸಬೇಕು? ಸಣ್ಣ ಲೆಕ್ಕ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗೋ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ದಾಟುತ್ತೆ. ಕಣ್ಣು ನೋಡಿ, ಮೆದುಳಿಗೆ ಹೊಳೆದು, ಕಾಲು ಬ್ರೇಕ್ ಒತ್ತೋದಕ್ಕೆ ನಮ್ಮ ಮಾನದಂಡ ಹಿಡಿಯೋದು ಎರಡೂವರೆ ಸೆಕೆಂಡು. ಅಂದ್ರೆ ಬ್ರೇಕ್ ಒತ್ತೋ ಮುಂಚೇನೇ 40 ಮೀಟರ್ ಹೋಯ್ತು. 80ರ ವೇಗದ ಗಾಡಿ ಪೂರ್ತಿ ನಿಲ್ಲೋಕೆ 120 ಮೀಟರ್ ಬೇಕು ಅಂತ ಅದೇ ಮಾನದಂಡ ಹೇಳುತ್ತೆ. ಲೋ ಬೀಮ್ ಬೆಳಕಿನಲ್ಲಿ ಒಂದು ಕಪ್ಪು ಕಲ್ಲು 120 ಮೀಟರ್ ದೂರದಿಂದ ಕಾಣುತ್ತಾ? ಅದರ ಕಾಲು ಭಾಗದಿಂದ ಕಂಡರೆ ಪುಣ್ಯ.

ರಿಫ್ಲೆಕ್ಟರ್ ಕೆಲಸ ಇರೋದು ಇಲ್ಲೇ. ಸಾಮಾನ್ಯ ಬಣ್ಣದ ಮೇಲೆ ಬಿದ್ದ ಬೆಳಕು ಎಲ್ಲಾ ಕಡೆ ಚೆದುರಿ ಹೋಗುತ್ತೆ, ನಿಮ್ಮ ಕಣ್ಣಿಗೆ ಬರೋದು ಚೂರೇ ಚೂರು. ರಿಫ್ಲೆಕ್ಟಿವ್ ಹಾಳೆಯೊಳಗೆ ಸಣ್ಣ ಸಣ್ಣ ಗಾಜಿನ ಮಣಿ ಅಥವಾ ಪ್ರಿಸಂ ಇರುತ್ವೆ, ಅವು ಬೆಳಕನ್ನ ಬಂದ ದಾರಿಯಲ್ಲೇ ವಾಪಸ್ ಕಳಿಸುತ್ವೆ. ಬೆಳಕು ಬಂದಿದ್ದು ನಿಮ್ಮ ಹೆಡ್‌ಲೈಟಿನಿಂದ, ಹೆಡ್‌ಲೈಟ್ ಪಕ್ಕದಲ್ಲೇ ನಿಮ್ಮ ಕಣ್ಣು. ಅದಕ್ಕೇ ಅದು ನಿಮಗೆ ಮಾತ್ರ ಧಗ್ ಅಂತ ಹೊಳೆಯುತ್ತೆ. ಆದ್ರೆ ಅದರ ಮೇಲೆ ಸಿಮೆಂಟು, ಕೆಸರು ಕೂತರೆ ಮಣಿ ಕುರುಡು. ಮೂರು ತಿಂಗಳು ಒರೆಸದ ರಿಫ್ಲೆಕ್ಟರ್ ಒಂದೇ, ಗೋಣಿಚೀಲ ಒಂದೇ. ಇನ್ನು ಆ ಕಣ್ಣು ಕುಕ್ಕೋ ಫ್ಲೋರೊಸೆಂಟ್ ಕಿತ್ತಳೆ ಬಣ್ಣ ಹಗಲಿಗೆ ಭರ್ಜರಿ. ರಾತ್ರಿ ಅದರದ್ದು ಏನೂ ನಡೆಯಲ್ಲ, ಬೆಳ್ಳಿ ಬಣ್ಣದ ಪಟ್ಟಿಯೇ ಕೈಹಿಡೀಬೇಕು. ಕೂಲಿಯವರಿಗೆ ಪಟ್ಟಿ ಸವೆದ ಜಾಕೆಟ್ ಕೊಟ್ಟು 'ಸೇಫ್ಟಿ ಕೊಟ್ಟಿದೀವಿ' ಅನ್ನೋರು ಇದನ್ನ ತಿಳ್ಕೋಬೇಕು.

ಕೂಲಿಯವರು ಅಂದೆ. ಬೆಂಗಳೂರಲ್ಲಿ ಕೇಬಲ್‌ಗೆ, ಪೈಪಿಗೆ ಅಂತ ರಾತ್ರಿ ನೆಲ ಅಗೆಯೋರು ಎಷ್ಟೋ ಕಡೆ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ನಮ್ಮ ಜನವೇ. ಹೆಣ್ಣುಮಕ್ಕಳು ಸೀರೆ ಮೇಲೊಂದು ಗಂಡಸರ ಶರ್ಟ್ ಹಾಕ್ಕೊಂಡು ಬುಟ್ಟಿ ಹೊರ್ತಿರ್ತಾರೆ, ಬೆನ್ನ ಹಿಂದೆ ಒಂದು ಮಾರು ದೂರದಲ್ಲಿ ಕ್ಯಾಬ್‌ಗಳು ಓಡ್ತಿರ್ತವೆ. ಬಾವುಟ ಹಿಡಿದು ಗಾಡಿ ನಿಲ್ಲಿಸೋಕೆ ಒಬ್ಬ ಮೀಸೆ ಮೂಡದ ಹುಡುಗ. ಅವನಿಗೆ ಯಾರೂ ತರಬೇತಿ ಕೊಟ್ಟಿಲ್ಲ. ಗಾಡಿ ನಿಲ್ಲದಿದ್ರೆ ಅವನು ಯಾವ ಕಡೆ ಹಾರಬೇಕು ಅಂತಲೂ ಹೇಳಿರಲ್ಲ.

ಇನ್ನೊಂದು ಮಾತು. ಕೆಲಸದ ಜಾಗ ಅಂದ್ರೆ ನೆಲ ಮಾತ್ರ ಅಲ್ಲ, ತಲೆ ಮೇಲಿರೋದೂ ಸೇರುತ್ತೆ. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಮೆಟ್ರೋ ಕಂಬಕ್ಕೆ ಕಟ್ಟಿದ್ದ ಕಬ್ಬಿಣದ ಚೌಕಟ್ಟು ರಸ್ತೆಗೆ ಉರುಳಿ ತಾಯಿ, ಪುಟ್ಟ ಮಗ ಹೋಗಿಬಿಟ್ಟರು. ಬೈಕಲ್ಲಿ ಹೋಗ್ತಿದ್ದ ಸಂಸಾರ. ಒಂದು ವಸ್ತು 12 ಮೀಟರ್ ಎತ್ತರಕ್ಕೆ ನಿಂತಿದ್ರೆ ಅದು ಬಿದ್ದಾಗ 12 ಮೀಟರ್ ದೂರ ತಲುಪುತ್ತೆ, ಇದಕ್ಕೆ ಎಂಜಿನಿಯರಿಂಗ್ ಓದಬೇಕಾ? ಕಂಬದ ಬುಡಕ್ಕೆ ತಗಡಿನ ಶೀಟು ನಿಲ್ಲಿಸಿದ್ರೆ ನಮ್ಮ ಬಟ್ಟೆಗೆ ಧೂಳು ಹಾರಲ್ಲ, ಅಷ್ಟೇ.

ಉತ್ತರ ಪ್ರದೇಶದ ಬರೇಲಿ ಹತ್ತಿರ 2024ರ ನವೆಂಬರ್ 24ರ ಮುಂಜಾನೆ ಒಂದು ಕಾರು ಅರ್ಧ ಕೊಚ್ಚಿಹೋಗಿದ್ದ ಸೇತುವೆಯಿಂದ ಕೆಳಗೆ ನದಿಗೆ ಬಿದ್ದು ಮೂವರು ಸತ್ತರು. ದೇಶಾದ್ಯಂತ ಹೆಡ್‌ಲೈನ್ ಏನು? 'ಗೂಗಲ್ ಮ್ಯಾಪ್ ನಂಬಿ ಸಾವು'. ಮ್ಯಾಪ್ ದಾರಿ ತೋರಿಸಿತು, ನಿಜ. ಆದ್ರೆ ಇಲ್ಲದ ಸೇತುವೆಯ ಬಾಯಲ್ಲಿ ಆ ಕಾರನ್ನ ತಡೆಯುವಂಥದ್ದು ಏನಿತ್ತು? ಲೋಕೋಪಯೋಗಿ ಇಲಾಖೆಯ ಎಂಜಿನಿಯರ್‌ಗಳ ಮೇಲೆ ಕೇಸು ಬಿತ್ತು. ಜನರ ಬಾಯಲ್ಲಿ ಉಳಿದದ್ದು ಮಾತ್ರ ಮ್ಯಾಪ್.

ಸರಿ, ರೂಲ್ಸ್ ಇದೆ, ವಿಜ್ಞಾನ ಗೊತ್ತಿದೆ, ಸಾಮಾನೂ ಮಾರ್ಕೆಟ್ಟಲ್ಲಿ ಸಿಗುತ್ತೆ. ಹಾಗಾದ್ರೆ ರಸ್ತೆಗೆ ಯಾಕೆ ಬರಲ್ಲ? ನಾನು ಕಾಗದ ಹಿಡ್ಕೊಂಡು ಕೂತಾಗ ಕಂಡಿದ್ದು ಒಂದು ಸಣ್ಣ ಸಾಲು. ಅದೇ 112ನೇ ವಿಭಾಗದ ಕೊನೆಯಲ್ಲಿದೆ. ಡೈವರ್ಶನ್ ರಸ್ತೆ ಕಟ್ಟೋದಕ್ಕೆ ಅಳತೆ ಮಾಡಿ ದುಡ್ಡು ಕೊಡ್ತಾರೆ. ಮಿಕ್ಕ ಸಂಚಾರ ವ್ಯವಸ್ಥೆ ಎಲ್ಲಾ ಕಾಮಗಾರಿಯ ಜೊತೆಗೇ ಸೇರಿದ್ದು, ಗುತ್ತಿಗೆದಾರನ ಜವಾಬ್ದಾರಿ. ಪ್ರತ್ಯೇಕ ಬಿಲ್ ಇಲ್ಲ. ಜಲ್ಲಿಗೆ ರೇಟು ಇದೆ, ಡಾಂಬರಿಗೆ ರೇಟು ಇದೆ, ಕಬ್ಬಿಣಕ್ಕೆ ಕೆ.ಜಿ. ಲೆಕ್ಕ. ಜೀವ ಕಾಯೋ ದೀಪಕ್ಕೆ ಮಾತ್ರ 'ಅದು ಒಳಗೇ ಸೇರಿದೆಯಪ್ಪಾ'. ಅತಿ ಕಡಿಮೆ ಬೆಲೆ ಕೂಗಿದವನಿಗೆ ಟೆಂಡರ್ ಕೊಡೋ ವ್ಯವಸ್ಥೆಯಲ್ಲಿ ಅವನು ಮೊದಲು ಎಲ್ಲಿ ಉಳಿಸ್ತಾನೆ ಹೇಳಿ? ಜಲ್ಲಿ ಕಡಿಮೆ ಹಾಕಿದ್ರೆ ಅಳತೆಯಲ್ಲಿ ಸಿಕ್ಕಿಬೀಳ್ತಾನೆ. ದೀಪ ಇಡದಿದ್ರೆ ಅಳತೆ ಪುಸ್ತಕದಲ್ಲಿ ಅದಕ್ಕೊಂದು ಕಾಲಮ್ಮೇ ಇಲ್ಲ.

ಸಿಕ್ಕಿಬಿದ್ರೂ ಎಷ್ಟು? 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಅನ್ನೋ ಕಲಂ ಸೇರಿಸಿದ್ರು. ರಸ್ತೆ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವಿಕಲತೆ ಆದರೆ ಅಧಿಕಾರಿ, ಗುತ್ತಿಗೆದಾರ, ಸಲಹೆಗಾರ ಯಾರಿಗೇ ಆಗಲಿ ದಂಡ ಹಾಕಬಹುದು. ಗರಿಷ್ಠ 1 ಲಕ್ಷ ರೂಪಾಯಿ. ಕುಡಿದು ಗಾಡಿ ಓಡಿಸಿ ಮೊದಲ ಸಲ ಸಿಕ್ಕಿಬಿದ್ದರೆ ನಿಮಗೆ 10 ಸಾವಿರ. ನೂರಾರು ಕೋಟಿ ಕಾಮಗಾರಿಯವನಿಗೆ, ಜೀವ ಹೋದ ಮೇಲೆ, ಹೆಚ್ಚೆಂದರೆ ಅದರ ಹತ್ತು ಪಟ್ಟು. ಬರೀ 2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಎಲ್ಲರೂ ಕಾಮಗಾರಿ ಜಾಗದಲ್ಲಿ ಸತ್ತಿಲ್ಲ, ಒಪ್ಪಿಕೊಳ್ಳೋಣ. ಆದ್ರೆ ಇಷ್ಟು ಹೆಣ ಬೀಳೋ ರಸ್ತೆಯಲ್ಲಿ ಒಂದು ದೀಪ ಉಳಿಸೋದು ಯಾವ ಉಳಿತಾಯ?

ಗುತ್ತಿಗೆದಾರರನ್ನ ಕೇಳಿದ್ರೆ ಒಂದು ಉತ್ತರ ರೆಡಿ ಇರುತ್ತೆ: 'ಏನ್ ಮಾಡೋದು ಸಾರ್, ಕೋನ್ ಇಟ್ಟರೆ ಬೆಳಿಗ್ಗೆಗೆ ಕದ್ದಿರ್ತಾರೆ, ದೀಪದ ಬ್ಯಾಟರಿ ಬಿಚ್ಕೊಂಡು ಹೋಗ್ತಾರೆ.' ಸುಳ್ಳಲ್ಲ, ಕದೀತಾರೆ. ಸಿಮೆಂಟನ್ನೂ ಕದೀತಾರೆ, ಕಬ್ಬಿಣವನ್ನೂ ಕದೀತಾರೆ. ಅದಕ್ಕೆ ಶೆಡ್ ಹಾಕಿ ವಾಚ್‌ಮನ್ ಇಡಲ್ವಾ? ಕಬ್ಬಿಣ ಕಾಯೋಕೆ ಒಬ್ಬ ಮನುಷ್ಯ ಸಿಗ್ತಾನೆ ಅಂದ್ರೆ ಕೋನ್ ಕಾಯೋಕೂ ಸಿಗ್ತಾನೆ. ಅವನ ಕೂಲಿ, ಕಳವಾದ ದೀಪದ ಖರ್ಚು ಎಲ್ಲಾ ಎಸ್ಟಿಮೇಟಿನಲ್ಲೇ ಬರೀರಿ. ಪ್ರತ್ಯೇಕ ಐಟಂ ಮಾಡಿ, ರಾತ್ರಿ ಲೆಕ್ಕದಲ್ಲಿ ದುಡ್ಡು ಕೊಡಿ. ದೀಪ ಉರಿದ ರಾತ್ರಿಗೆ ಮಾತ್ರ ಬಿಲ್.

ನಿಮ್ಮ ಬೀದಿ ನಾಳೆ ಅಗೆದರೆ ಒಂದು ಕೆಲಸ ಮಾಡಿ. ರಾತ್ರಿ ಎಂಟರ ಮೇಲೆ ಸುಮಾರು ಮೂವತ್ತು ಹೆಜ್ಜೆ ದೂರ ನಿಂತು, ಮೊಬೈಲ್‌ನಲ್ಲಿ ಫ್ಲಾಶ್ ಹಾಕಿ ಒಂದು ಫೋಟೊ ತೆಗೀರಿ. ಫ್ಲಾಶ್ ಮತ್ತು ಕ್ಯಾಮೆರಾ ಅಕ್ಕಪಕ್ಕ ಇರೋದ್ರಿಂದ ನಿಜವಾದ ರಿಫ್ಲೆಕ್ಟರ್ ಆದ್ರೆ ಫೋಟೊದಲ್ಲಿ ಬೆಳ್ಳಗೆ ಉರಿಯುತ್ತೆ. ಬರೀ ಬಣ್ಣ ಬಳಿದಿದ್ರೆ ಕತ್ತಲೇ ಕಾಣುತ್ತೆ. ಆ ಕತ್ತಲ ಫೋಟೊ ನಮಗೆ ಕಳಿಸಿ, ಬೀದಿ ಹೆಸರು ಬರೀರಿ. ಆ ಕಾಮಗಾರಿಯ ಬಿಲ್‌ಗೆ ಸಹಿ ಹಾಕಿದ ಎಂಜಿನಿಯರ್ ಯಾರು ಅಂತ ನಾವು ಹುಡುಕ್ತೀವಿ, ಇದೇ ಹೊತ್ತಿಗೆ, ಇದೇ ಜಾಗದಲ್ಲಿ ಕೂರಿಸಿ ಕೇಳ್ತೀವಿ.